ಮೆಹರ್ಜಾನಳ ಕಡೆಯವರು

ಐತಿಹಾಸಿಕ ಕಾದಂಬರಿಯೊಂದರ ಬಗ್ಗೆ ಇಂಗಳೇಶ್ವರದ ಕಡೆಯ ಓದುಗರನ್ನು ಕೇಳಿದರೆ ಶೈಲಿ, ಪಾತ್ರಪೋಷಣೆ ಎಂಬ ಮಾತು ಕೊನೆಗೆ ಬಂದರೆ ಬಂತು. ಮೊದಲು ಬರುವುದು ಹೊಳೆಗೆ ಆಗ ನೀರೆಷ್ಟಿತ್ತು ಎಂಬ ಪ್ರಶ್ನೆ. ಬರಲೇಬೇಕು. 1565ರ ಜನವರಿಯಲ್ಲಿ ವಿಜಯನಗರದ ಬೆನ್ನು ಮುರಿದ ಕಾಳಗ ನಡೆದದ್ದು ಇದೇ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ರಕ್ಕಸಗಿ-ತಂಗಡಗಿಯ ಆಸುಪಾಸಿನಲ್ಲಿ. ಹೆಸರು ಮಾತ್ರ ತಾಳಿಕೋಟೆಗೆ ಹೋಯಿತು. ಅದೂ ದೂರದ್ದೇನಲ್ಲ, ಅಲ್ಲಿ ನೆಂಟರಿಲ್ಲದವರು ಕಡಿಮೆ.

ಗಳಗನಾಥರ ‘ಕನ್ನಡಿಗರ ಕರ್ಮಕಥೆ’ ಈ ಯುದ್ಧದ ಕತೆ. ಮರಾಠಿಯ ಹರಿ ನಾರಾಯಣ ಆಪ್ಟೆಯವರ ‘ವಜ್ರಾಘಾತ’ ಅದರ ಮೂಲ. ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರಿಗೆ (1869–1942) ಓದುಗರ ಅಭಿಪ್ರಾಯ ಅಂಚೆಯಲ್ಲಿ ಬರುವವರೆಗೆ ಕಾಯುವ ಪ್ರಮೇಯವಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

ಈ ಪುಸ್ತಕದ ರುಚಿ ಗಟ್ಟಿಯಾಗಿ ಓದಿಸಿಕೊಂಡು ಕೇಳುವುದರಲ್ಲಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಒಬ್ಬರು ಓದುವವರು, ಉಳಿದವರೆಲ್ಲ ಅಡ್ಡಬಾಯಿ ಹಾಕುವವರು. ಕತೆಯಲ್ಲಿ ಮುಖ್ಯರು ಮೂವರು: ವಿಜಯನಗರದ ರಾಮರಾಯ, ಅವನು ಕೈಬಿಟ್ಟ ಮೆಹರ್ಜಾನ್, ಬಿಜಾಪುರದ ಪಕ್ಷ ಹಿಡಿದ ಅವರ ಮಗ ರಣಮಸ್ತಖಾನ. ಇತಿಹಾಸದ ಪುಟದಲ್ಲಿ ಈ ತಾಯಿ-ಮಗನನ್ನು ಹುಡುಕಬೇಡಿ. ಕಾದಂಬರಿಯ ಜೀವವಂತೂ ಅವರೇ. ಮುತ್ಯಾನಿಗೆ ರಾಮರಾಯನ ಮೇಲೆ ಮರುಕ. “ಆ ವಯಸ್ಸಿನ್ಯಾಗ ರಣಕ್ಕ ಇಳದಾನಲ್ಲೋ!” ಆಯಿಯದು ಬೇರೆಯೇ ನ್ಯಾಯ. “ಇಳೀಲಿ ಬಿಡ್ರಿ. ಹೆಂಗಸಿನ ಕಣ್ಣೀರ ಹಾಕಿಸಿದಾಂವಗ ಏನಾಗಬೇಕೋ ಅದಾತು.” ಒಂದು ಸಾಮ್ರಾಜ್ಯ ಒಬ್ಬಳ ನೋವಿನಿಂದ ಬಿತ್ತೆಂದರೆ ಪಂಡಿತರು ನಗುತ್ತಾರೆ. ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಐದು ಸುಲ್ತಾನರ ರಾಜಕಾರಣ ಬಾಯಿಪಾಠ ಮಾಡಿದವರಿಗಿಂತ ಆಯಿಯೇ ಆ ಪುಸ್ತಕದ ನಿಜವಾದ ಓದುಗಾರ್ತಿ ಎಂದು ನನ್ನ ಪಕ್ಷಪಾತ.

ಇನ್ನೊಂದು ತೊಡಕು ನಮ್ಮದೇ. ಕತೆ ಓದುವಾಗ ಬಿಜಾಪುರ ವೈರಿಯ ಕೋಟೆ. ಪುಸ್ತಕ ಮುಚ್ಚಿದರೆ ಅದೇ ನಮ್ಮ ಜಿಲ್ಲಾಸ್ಥಳ. ಬೀಗರು ಬಂದರೆ ಅಭಿಮಾನದಿಂದ ಗೋಳಗುಮ್ಮಟ ತೋರಿಸಿ, ಮಲಿಕ್-ಎ-ಮೈದಾನ ತೋಪಿನ ಬಾಯಿಯಲ್ಲಿ ಇಣುಕಿಸಿ ಕಳಿಸುತ್ತೇವೆ. ಹಾಗಾದರೆ ಶೀರ್ಷಿಕೆಯ ‘ಕನ್ನಡಿಗರು’ ಯಾರ್ಯಾರು? ಹೊಳೆಯ ಎರಡೂ ದಂಡೆಯಲ್ಲಿ ಉಂಡದ್ದು ಜೋಳದ ರೊಟ್ಟಿಯೇ ಅಲ್ಲವೆ?

ಬಸವಣ್ಣನವರ ಕಾಲದ ಕತೆ ಹೇಳುವ ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ಕ್ಕೆ ಇಲ್ಲಿ ಅಡ್ಡಬಾಯಿ ಹಾಕುವ ಈ ಸಲಿಗೆ ಸಿಗದು. ಇಂಗಳೇಶ್ವರ ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರು. ವಚನಗಳನ್ನು ಕಲ್ಲಿನಲ್ಲಿ ಕೊರೆಸಿ ಮಂಟಪ ಕಟ್ಟಿದ ಊರು. ಬಸವಣ್ಣ ಪುಟದೊಳಗೆ ಬಂದರೆಂದರೆ ಗೋಡೆಗೆ ಒರಗಿದವನೂ ಕಾಲು ಮಡಚಿ ಕೂಡುತ್ತಾನೆ. ಭಕ್ತಿಯೇನೋ ಸರಿ, ಸಾಹಸಕತೆಯ ಮಜಾ ಅಲ್ಲಿಗೆ ಮುಗಿಯಿತು. ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯಳಾದ ತಂಗಡಗಿಯೇ ನಾಲ್ಕು ಶತಮಾನದ ಮೇಲೆ ರಣದ ಹೆಸರಾಯಿತೆಂಬುದನ್ನು ಹಿಡಿದು ಯಾರಾದರೂ ಒಂದೇ ಕಾದಂಬರಿ ಬರೆಯಬಾರದೆ ಎಂದು ನನ್ನಾಸೆ.

ಬರೆದರೂ ನಮ್ಮ ಕಾಕಾನನ್ನು ಗೆಲ್ಲುವುದು ಕಷ್ಟ. ಎರಿ ಹೊಲದ ಒಕ್ಕಲಿಗ ಅವನು. ಆನೆ, ಕುದುರೆ, ತೋಪುಗಳ ವರ್ಣನೆಯನ್ನೆಲ್ಲ ಕಣ್ಣುಮುಚ್ಚಿ ಕೇಳಿ ಅವನು ಎತ್ತಿದ ಆಕ್ಷೇಪಣೆ ಇಷ್ಟೇ: “ಜನವರಿ ಅಂದ್ರ ಹಿಂಗಾರಿ ಜ್ವಾಳ ತೆನಿಗೆ ಬಂದಿರ್ತದ. ಅಷ್ಟು ದಂಡು ಹಾದು ಹೋದಮ್ಯಾಲೆ ಆ ವರ್ಷ ರೈತ ಏನ ತಿಂದ? ಅದನ್ನ ಬರದಾರೇನ ನೋಡ.”