ಒಂದು ಗಂಟೆ ದೂರದ ಊರು

"ಯಾಕೆ ಹೆದರ್ತೀಯಮ್ಮ, ಫ್ಲೈಟ್ ಹತ್ತಿದ್ರೆ ಒಂದೇ ಗಂಟೆ."

ಬೆಂಗಳೂರಿಗೆ ಬಂದ 8 ವರ್ಷಗಳಲ್ಲಿ ಈ ಮಾತನ್ನು ಅಮ್ಮನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮೂರು ಪುತ್ತೂರಿನ ಹತ್ತಿರ. ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ.

ಸಾಫ್ಟ್‌ವೇರ್ ಎಂಜಿನಿಯರ್ ಅಲ್ವಾ, ನನ್ನ ಹತ್ತಿರ ಅಂಕಿಗಳೂ ಇದ್ದವು. ಬೆಂಗಳೂರು, ಮಂಗಳೂರು ವಿಮಾನ ನಿಲ್ದಾಣಗಳ ಅಕ್ಷಾಂಶ-ರೇಖಾಂಶ ಹಾಕಿ ನೋಡಿದರೆ ನೇರ ದೂರ ಸುಮಾರು 300 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ. ಅದರಲ್ಲೂ ವಿಮಾನ ಇಲ್ಲಿ ಕದಲಿದ್ದರಿಂದ ಹಿಡಿದು ಅಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತೆಲ್ಲ ಸೇರಿದೆ. ಆಕಾಶದಲ್ಲಿ ಇರೋದು ಮುಕ್ಕಾಲು ಗಂಟೆಯಷ್ಟೇ.

ಹೋದ ವರ್ಷ ಜುಲೈ ತಿಂಗಳ ಒಂದು ರಾತ್ರಿ 3 ಗಂಟೆಗೆ ಅಮ್ಮನ ಫೋನ್. "ಅಪ್ಪನಿಗೆ ಎದೆನೋವು ಮಗಾ, ತುಂಬ ಬೆವರ್ತಾ ಇದ್ದಾರೆ. ಪಕ್ಕದ ಮನೆಗೆ ಹೇಳಿದ್ದೇನೆ, ನೀನು ಬಾ."

ಆ ಒಂದು ಗಂಟೆ ಅವತ್ತು ಹೇಗೆ ಹಿಗ್ಗಿತು ನೋಡಿ. ನಾನಿರುವುದು ಜೆ.ಪಿ. ನಗರದಲ್ಲಿ. ದೇವನಹಳ್ಳಿಯ ನಿಲ್ದಾಣ ಊರಿನ ಇನ್ನೊಂದು ತುದಿಗೆ. ಸಿಕ್ಕ ಮೊದಲ ವಿಮಾನ ಆರೂಕಾಲಿಗೆ. ಕ್ಯಾಬ್, ಸೆಕ್ಯುರಿಟಿ ಸಾಲು, ಗೇಟಿನ ಮುಂದೆ ಕಾಯೋದು. ಬಜ್ಪೆಯಲ್ಲಿ ಜೋರು ಮಳೆ. ಅಲ್ಲಿಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಸರಿಯಾಗಿ ಕಾಣದೆ ಇಳಿಯುವಂತಿಲ್ಲ. ಅರ್ಧ ಗಂಟೆ ಮೇಲೆಯೇ ಸುತ್ತು ಹೊಡೆದೆವು. ಇಳಿದ ಮೇಲೆ ಪುತ್ತೂರಿಗೆ ಟ್ಯಾಕ್ಸಿ, ಅದೂ ಬೆಂಗಳೂರಿನ ದಿಕ್ಕಿಗೇ ವಾಪಸ್, 50 ಕಿ.ಮೀ.ಗೂ ಹೆಚ್ಚು. ಆಸ್ಪತ್ರೆಯ ಬಾಗಿಲು ತಲುಪಿದಾಗ ಬೆಳಿಗ್ಗೆ 10 ಗಂಟೆ. ಒಟ್ಟು 7 ಗಂಟೆ. ಶಿರಾಡಿ ಘಾಟಿಯಲ್ಲಿ ಬರುವ ರಾತ್ರಿ ಬಸ್ಸೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ತಗೊಳ್ಳುತ್ತೆ.

ನನ್ನನ್ನು ನೋಡಿ ಅಪ್ಪ, "ಎಂತ ಸಹ ಆಗ್ಲಿಲ್ಲ ಮಾರಾಯ, ನಿನಗೆ ಆಫೀಸ್ ಇಲ್ವಾ?" ಅಂದರು. ಡಾಕ್ಟರ್ ಮಾತ್ರ ಹೊರಗೆ ಕರೆದು, "ಇನ್ನು ಒಂದು ಗಂಟೆ ತಡ ಆಗಿದ್ರೆ ಕಷ್ಟ ಇತ್ತು" ಅಂದರು.

ಆ ಒಂದು ಗಂಟೆ ಉಳಿಸಿದ್ದು ನಾನಲ್ಲ, ಪಕ್ಕದ ಮನೆಯಲ್ಲಿರುವ, ರಿಕ್ಷಾ ಓಡಿಸುವ ಅಣ್ಣ. ಸುರಿಯೋ ಮಳೆಯಲ್ಲಿ ಅಪ್ಪನನ್ನು ಎತ್ತಿ ಕೂರಿಸಿ, 20 ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿಸಿದ್ದರು. ನಾನಾಗ ಇನ್ನೂ ಕ್ಯಾಬ್ ಹುಡುಕ್ತಾ ಇದ್ದೆ. ಥ್ಯಾಂಕ್ಸ್ ಹೇಳೋಣ ಅಂತ ಫೋನ್ ತೆಗೆದರೆ, ಅವರ ನಂಬರ್ ನನ್ನ ಹತ್ತಿರ ಇರಲೇ ಇಲ್ಲ.

ಈಗ ಇದೆ. ನಮ್ಮನೆ ಗೋಡೆಯ ಮೇಲೂ ಇದೆ, 108ರ ಪಕ್ಕದಲ್ಲಿ, ದೊಡ್ಡ ಅಕ್ಷರದಲ್ಲಿ. ಅಮ್ಮನಿಗೂ ಸುಳ್ಳು ಹೇಳೋದು ಬಿಟ್ಟಿದ್ದೇನೆ: "ನಾನು ಬರೋಕೆ 7 ಗಂಟೆ ಬೇಕಮ್ಮ. ಮೊದಲು ಅವರಿಗೆ ಫೋನ್ ಮಾಡು, ಆಮೇಲೆ ನನಗೆ."

ನಿಮ್ಮೂರಿಗೆ ಫ್ಲೈಟ್ ಎಷ್ಟು ಹೊತ್ತು ಅಂತ ನಿಮಗೆ ಗೊತ್ತೇ ಇರುತ್ತೆ. ನಿಮ್ಮ ರೂಮಿನ ಬಾಗಿಲಿಂದ ಅಮ್ಮನ ಮನೆ ಬಾಗಿಲವರೆಗೆ ಎಷ್ಟಾಗುತ್ತೆ ಅಂತ ಒಮ್ಮೆ ಕೂಡಿಸಿ ನೋಡಿ. ಆಮೇಲೆ ಪಕ್ಕದ ಮನೆಯವರ ನಂಬರ್ ಸೇವ್ ಮಾಡ್ಕೊಳ್ಳಿ.