ದೂರು ಕೊಟ್ಟವನೇ ಕಳ್ಳನೇ?

"ಸಾರ್, ಸ್ಕ್ಯಾನರ್ ಹಾಕಿ ನೋಡಿದೆ. ಆಕ್ಸಿಜನ್ ಸೆನ್ಸರ್ ಹೋಗಿದೆ, ಚೇಂಜ್ ಮಾಡ್ಬೇಕು." ಗ್ಯಾರೇಜಿನಲ್ಲಿ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಆ ಸೆನ್ಸರಿನ ಪರವಾಗಿ ನಾಲ್ಕು ಮಾತಾಡಬೇಕು ಅನ್ನಿಸುತ್ತದೆ ನನಗೆ. ಪಾಪ, ಅದು ಮಾಡಿದ ತಪ್ಪಾದರೂ ಏನು? ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಕಾರಿನ ಕಂಪ್ಯೂಟರ್ ಅದನ್ನು ಪಿ0171 ಎಂಬ ಕೋಡಾಗಿ ಬರೆದುಕೊಂಡು ಹಳದಿ ದೀಪ ಹಚ್ಚಿತು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎನ್ನುವುದಷ್ಟೇ ಅದರ ಅರ್ಥ. ದೂರು ಕೊಟ್ಟವನನ್ನೇ ಒಳಗೆ ಹಾಕಿದರೆ ಕಳ್ಳ ಸಿಗುತ್ತಾನೆಯೇ?

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ಅದು ಅಳೆದ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಬಿಡುತ್ತದೆ. ಆ ಸೆನ್ಸರಿನಿಂದಾಚೆ ರಬ್ಬರ್ ಪೈಪು ಬಿರಿದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಈ ಬಿರುಕು ಮೇಲಿನಿಂದ ಕಾಣುವುದು ಅಪರೂಪ. ಪೈಪನ್ನು ಬಗ್ಗಿಸಿದರೆ ಮಡಿಕೆಯ ಅಡಿಭಾಗದಲ್ಲಿ ಬಾಯಿ ಬಿಡುತ್ತದೆ.

ಪತ್ತೆ ಮಾಡಲು ಸ್ಕ್ಯಾನರಿನಲ್ಲೇ ದಾರಿಯಿದೆ. ಲೈವ್ ಡೇಟಾದಲ್ಲಿ ಫ್ಯೂಯೆಲ್ ಟ್ರಿಮ್ ನೋಡಬೇಕು. ಕಂಪ್ಯೂಟರ್ ತಾನಾಗಿ ಎಷ್ಟು ಪೆಟ್ರೋಲ್ ಹೆಚ್ಚಿಸಿದೆ ಎಂಬ ಲೆಕ್ಕ ಅದು. ಐಡಲ್‌ನಲ್ಲಿ 20 ಪರ್ಸೆಂಟ್ ಇದ್ದದ್ದು ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದಾಗ ಐದಾರಕ್ಕೆ ಇಳಿದರೆ ಗಾಳಿ ಸೋರಿಕೆಯ ಅನುಮಾನ ಬಲವಾಗುತ್ತದೆ. ಒಳಗೆ ಹೋಗುವ ಗಾಳಿಯೇ ಹೆಚ್ಚಾದಾಗ ಬಿರುಕಿನ ಪಾಲು ಕಡಿಮೆಯಾಗುತ್ತದಲ್ಲ! ಏರು ಹತ್ತುವಾಗ ಟ್ರಿಮ್ ಇನ್ನೂ ಮೇಲೇರಿದರೆ ಪೆಟ್ರೋಲ್ ಪಂಪು, ಫಿಲ್ಟರ್ ಕಡೆ ತಿರುಗಬೇಕು. ಹತ್ತು ನಿಮಿಷದ ಈ ಕೆಲಸ ಬಿಟ್ಟು ಸಾವಿರಾರು ರೂಪಾಯಿಯ ಸೆನ್ಸರ್ ಬದಲಿಸುವುದು ಅನ್ಯಾಯ.

ಅಂದ ಹಾಗೆ, ಈ ಕೋಡುಗಳು ಹುಟ್ಟಿದ್ದು ಮೆಕ್ಯಾನಿಕ್ಕನ ಅನುಕೂಲಕ್ಕಲ್ಲ, ಹೊಗೆಗೆ ಕಡಿವಾಣ ಹಾಕಲು. ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ಗಳಿಂದ ಇಂಥ ಸ್ವಯಂ ತಪಾಸಣೆಯನ್ನು ಕಡ್ಡಾಯ ಮಾಡಿತು. ಕಂಪನಿಗೊಂದು ಪ್ಲಗ್, ಕಂಪನಿಗೊಂದು ಭಾಷೆ ಎಂಬ ಗೊಂದಲ ಮುಗಿದದ್ದು ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ. ನಮ್ಮಲ್ಲೂ ಸ್ಟೀರಿಂಗ್ ಕೆಳಗೆ ಕೈಯಾಡಿಸಿದರೆ ಅದೇ 16 ಪಿನ್ನಿನ ಸಾಕೆಟ್ ಸಿಗುತ್ತದೆ. ಯಾವುದೋ ಊರಿನ ಹೊಗೆಯ ಕಾಟದಿಂದ ನಮಗೆ ಸಿಕ್ಕ ಉಪಕಾರ ಇದು.

ಪಿ0301 ಬಂದರೆ ಮೊದಲನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು. ಪ್ಲಗ್ಗೋ ಕಾಯಿಲ್ಲೋ ಇಂಜೆಕ್ಟರೋ ಎಂದು ಅದು ಹೇಳುವುದಿಲ್ಲ. ಸಿಲಿಂಡರಿಗೊಂದು ಕಾಯಿಲ್ ಇರುವ ಗಾಡಿಯಾದರೆ ಒಂದನೆಯದನ್ನು ಎರಡಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ ಓಡಿಸಿ. ಕೋಡ್ ಪಿ0302 ಆಯಿತೋ, ಕಳ್ಳ ಕಾಯಿಲ್ಲೇ. ಖರ್ಚಿಲ್ಲದ ಇಂಥ ಪರೀಕ್ಷೆ ಮಾಡುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಆದರೆ ದೀಪ ಮಿಣುಕುತ್ತಿದ್ದರೆ ಪರೀಕ್ಷೆ ಆಮೇಲೆ, ಮೊದಲು ಗಾಡಿ ಬದಿಗೆ ಹಾಕಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿಕೊಂಡರೆ ಒಳಗಿನ ಪಿಂಗಾಣಿಯೇ ಕರಗಬಹುದು.

ಇನ್ನು ಇಲಿಗಳ ವಿಷಯ. ಮಳೆಗಾಲದಲ್ಲಿ ಬಾನೆಟ್ಟಿನಡಿ ಬೆಚ್ಚಗೆ ಮಲಗಿ ವೈರು ಕಡಿದು ಹೋಗುತ್ತವೆ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ವೈರು ತುಂಡಾದರೆ ಪಿ0113 ಬರುತ್ತದೆ, ಸ್ಕ್ಯಾನರಿನಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ಕಾಣುತ್ತದೆ. ಮಂಗಳೂರಿನಲ್ಲಿ ಮೈನಸ್ 40! ಸೆನ್ಸರ್ ಕೊಳ್ಳುವ ಮುಂಚೆ ಟಾರ್ಚ್ ಹಿಡಿದು ವೈರಿನ ಗುಂಟ ಒಮ್ಮೆ ನೋಡಿ.

ಕೋಡ್ ಅಳಿಸಿ ಕಳಿಸುವ ಅಭ್ಯಾಸದ ಮೇಲಂತೂ ನನಗೆ ನಿಜವಾದ ಸಿಟ್ಟಿದೆ. ತೊಂದರೆ ಕಾಣಿಸಿಕೊಂಡ ಗಳಿಗೆಯ ವೇಗ, ಆರ್‌ಪಿಎಂ, ಎಂಜಿನ್ನಿನ ಬಿಸಿ ಎಲ್ಲ ಫ್ರೀಜ್ ಫ್ರೇಮಿನಲ್ಲಿ ದಾಖಲಾಗಿರುತ್ತವೆ. ಅಳಿಸಿದರೆ ಅದೂ ಹೋಯಿತು, ಬ್ಯಾಟರಿ ವೈರು ಬಿಚ್ಚಿದರೂ ಎಷ್ಟೋ ಗಾಡಿಗಳಲ್ಲಿ ಅದೇ ಕಥೆ. ಮೊದಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ರಿಪೇರಿ ಆದಮೇಲೂ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮುಗಿಸಬೇಕು. ಅದಕ್ಕೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ್ದೂ ಆಗಬೇಕು, ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿದ್ದೂ ಆಗಬೇಕು. ಅಲ್ಲಿಯವರೆಗೆ ಹಳೆಯ ಪಾರ್ಟ್ ಬಿಸಾಡಲು ಬಿಡಬೇಡಿ, ಡಿಕ್ಕಿಯಲ್ಲಿ ಇಟ್ಟುಕೊಂಡಿರಿ.