ಮಧುಮೇಹಿಯ ಮನಸ್ಸು: ಕೊರೋನಾ ಕಾಲದ ಕೆಲವು ನೆನಪುಗಳು

ದೇಹಕ್ಕೆ ಬರುವ ರೋಗವನ್ನು ಅಲ್ಲಾಹನ ಪರೀಕ್ಷೆಯೆಂದು ನಾವು ಸುಲಭವಾಗಿ ಒಪ್ಪಿಕೊಳ್ಳುತ್ತೇವೆ. ಜ್ವರ ಬಂದವನ ಮನೆಗೆ ಹೋಗಿ ದುಆ ಮಾಡುತ್ತೇವೆ, ಹಣ್ಣು ಕೊಟ್ಟು ಬರುತ್ತೇವೆ. ಮನಸ್ಸು ಕುಗ್ಗಿದವನು ಎದುರಾದಾಗ ಮಾತ್ರ ನಮ್ಮ ನಾಲಗೆಗೆ ಮೊದಲು ಬರುವುದು ಉಪದೇಶ. ಈಮಾನ್ ಗಟ್ಟಿಯಾಗಿದ್ದರೆ ಇಂತಹ ದುಃಖ ಬರುವುದುಂಟೇ ಎಂದು ಕೇಳಿಬಿಡುತ್ತೇವೆ. ಹೀಗೆ ಕೇಳಿದವರಲ್ಲಿ ನಾವೂ ಇದ್ದೇವೆ. ಕೇಳಿದ್ದಕ್ಕೆ ಏನಾಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು, ಆದರೆ ಧೈರ್ಯ ಸಾಲುತ್ತಿರಲಿಲ್ಲ.

ನಾವು ಮಕ್ಕಳಿಗೆ ಪಾಠ ಹೇಳುತ್ತಿರುವುದು ಸಕಲೇಶಪುರ ಮತ್ತು ಆಲೂರು ತಾಲೂಕುಗಳು ಕೂಡುವ ಬೆಟ್ಟಸಾಲಿನ ಒಂದು ಸಣ್ಣ ಮದ್ರಸದಲ್ಲಿ. ಸುತ್ತಲೂ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನಕ್ಕೂ ಬಾರದು. 2019ರ ಕೊನೆಯಲ್ಲಿ ಪೇಟೆಯಲ್ಲಿ ನಡೆದ ಒಂದು ಉಚಿತ ತಪಾಸಣಾ ಶಿಬಿರಕ್ಕೆ ಸುಮ್ಮನೆ ಹೋಗಿದ್ದೆವು. ಬರಿಹೊಟ್ಟೆಯ ಸಕ್ಕರೆ 186 ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಮಡಚಿ ಒಂದು ಕಿತಾಬಿನೊಳಗೆ ಇಟ್ಟೆವು. ಮನೆಯಾಕೆಯ ಹೊರತು ಯಾರಿಗೂ ತಿಳಿಸಲಿಲ್ಲ.

ಏಕೆ ತಿಳಿಸಲಿಲ್ಲ ಎಂಬುದನ್ನೂ ಹೇಳಬೇಕು. ಉಸ್ತಾದರಿಗೆ ಸಕ್ಕರೆ ಖಾಯಿಲೆ ಬಂದರೆ ಜನರು ಮೊದಲು ನಗುತ್ತಾರೆ. ಮೌಲಿದ್‌ನ ತುಪ್ಪದನ್ನ ಹೆಚ್ಚಾಯಿತು ಎನ್ನುತ್ತಾರೆ. ಮಗು ಒಂದು ಜುಝ್‌ಅ್ ಮುಗಿಸಿದರೆ ಮನೆಯಿಂದ ಸಿಹಿ ಬರುತ್ತದೆ, ಬೇಡವೆಂದರೆ ತಾಯಂದಿರಿಗೆ ಬೇಸರ. ಕೆಲಸಕ್ಕೆ ಇಟ್ಟುಕೊಂಡವರಿಗೆ ರೋಗಿಷ್ಠನೆಂದು ತೋರಿಬಿಟ್ಟರೆ ಎಂಬ ಅಂಜಿಕೆಯೂ ಇತ್ತು. ಹೀಗೆ ಮಾತ್ರೆಯನ್ನು ಗುಟ್ಟಾಗಿ ನುಂಗುತ್ತಾ, ಬಂದ ಹಲ್ವಾವನ್ನು ಎಲ್ಲರೆದುರು ತಿನ್ನುತ್ತಾ ಒಂದು ಚಳಿಗಾಲ ಕಳೆಯಿತು.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಮದ್ರಸ ನಿಂತಿತು, ಸಂಬಳ ಅರ್ಧಕ್ಕಿಳಿಯಿತು, ಆಮೇಲೆ ಅದೂ ತಡವಾಗತೊಡಗಿತು. ಜಮಾಅತಿನವರ ಕೈಯೂ ಖಾಲಿಯಾಗಿತ್ತು, ಆದುದರಿಂದ ದೂರುವುದಕ್ಕೂ ಬಾಯಿ ಬರಲಿಲ್ಲ. ಅದೇ ಹೊತ್ತಿಗೆ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿ ಟಿ.ವಿ.ಗಳಲ್ಲಿ ದಿನವಿಡೀ ಬರತೊಡಗಿತು. ಮಾತ್ರೆ ತೀರಿದ್ದರೂ ಟೋಪಿ ಗಡ್ಡಗಳೊಡನೆ ಪೇಟೆಗಿಳಿಯಲು ಕಾಲೇಳಲಿಲ್ಲ. ಎಂಟು ದಿನ ಮಾತ್ರೆಯಿಲ್ಲದೆ ಕಳೆದೆವು. ಪಕ್ಕದ ಎಸ್ಟೇಟಿನ ರೈಟರು ಬೇಲಿಯಾಚೆ ನಿಂತು, "ಉಸ್ತಾದ್ರೆ, ಮುಖ ಯಾಕೆ ಹಿಂಗಾಗಿದೆ? ಚೀಟಿ ಇದ್ರೆ ಕೊಡಿ, ನಂಗೆ ಪಾಸ್ ಇದೆ" ಎಂದರು. ನಮ್ಮ ರೋಗವನ್ನು ಅರಿತ ಎರಡನೆಯ ವ್ಯಕ್ತಿ ಅವರು. ಒಂದು ತಿಂಗಳ ಮಾತ್ರೆಯನ್ನು ತಂದುಕೊಟ್ಟು ಹಣವನ್ನು ಕಾಫಿ ಕುಯ್ಲಿನ ಹೊತ್ತಿಗೆ ಕೊಡಿರೆಂದರು. ಆ ಋಣ ಇಂದಿಗೂ ತೀರಿದಂತೆ ಅನ್ನಿಸುವುದಿಲ್ಲ.

ಏಪ್ರಿಲ್ ಕೊನೆಯ ವಾರದಲ್ಲಿ ರಂಝಾನ್ ಬಂತು. ಮಸೀದಿಗೆ ಬೀಗ, ತರಾವೀಹ್ ಮನೆಯೊಳಗೆ. ವೈದ್ಯರನ್ನು ಕೇಳದೆ, ಮಾತ್ರೆಯ ಹೊತ್ತನ್ನು ನಾವೇ ಸಹರಿಗೆ ಬದಲಿಸಿಕೊಂಡು ಉಪವಾಸ ಹಿಡಿದೆವು. ಹನ್ನೊಂದನೆಯ ದಿನ ಅಸರ್‌ನ ಬಳಿಕ ಎದೆ ಹೊಡೆದುಕೊಳ್ಳತೊಡಗಿತು. ಅಂಗೈ ಬೆವರಿತು, ಬೆರಳು ನಡುಗಿತು, ಕಾರಣವಿಲ್ಲದ ಭಯವೊಂದು ಮೇಲೇರಿ ಬಂತು. ಹಿಂದಿನ ವಾರಗಳಲ್ಲಿಯೂ ರಾತ್ರಿ ಹೊತ್ತು ಹೀಗೆ ಆಗುತ್ತಿದ್ದುದರಿಂದ ಇದೂ ಮನಸ್ಸಿನ ಆಟವೆಂದು ಭಾವಿಸಿ ದ್ಸಿಕ್ರ್ ಹೇಳುತ್ತಾ ಗೋಡೆಗೊರಗಿ ಕುಳಿತೆವು. ಮನೆಯಾಕೆ ಮಾತನಾಡದೆ ಬೆರಳು ಚುಚ್ಚಿ ನೋಡಿದಳು. 58. "ಇದು ಭಯ ಅಲ್ಲ, ಸಕ್ಕರೆ ಇಳಿದಿದೆ" ಎಂದು ಸಕ್ಕರೆ ನೀರನ್ನು ತುಟಿಗಿಟ್ಟಳು. ಮಗ್ರಿಬ್‌ಗೆ ಇನ್ನೂ ಎರಡು ಗಂಟೆಯಿತ್ತು. ಕುಡಿದು ಅತ್ತುಬಿಟ್ಟೆವು.

ರೋಗಿಗೂ ಪ್ರಯಾಣಿಕನಿಗೂ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿಯನ್ನು ಸೂರಃ ಅಲ್‌ಬಕರದಲ್ಲಿ ಅಲ್ಲಾಹನೇ ಕೊಟ್ಟಿದ್ದಾನೆ. ವಾಸಿಯಾಗುವ ನಿರೀಕ್ಷೆಯಿಲ್ಲದ ರೋಗಿಗೆ ಫಿದ್ಯಾ ಇದೆ. ಈ ಪಾಠವನ್ನು ನಾವು ಪ್ರತಿವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಅದು ನಮಗೂ ಅನ್ವಯಿಸುತ್ತದೆಂದು ಆ ಸಂಜೆಯವರೆಗೆ ಹೊಳೆದಿರಲಿಲ್ಲ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ತೆಗೆದುಕೊಳ್ಳಲು ನಾಚುವುದರಲ್ಲಿ ಭಕ್ತಿಗಿಂತ ಅಹಂಕಾರವೇ ಹೆಚ್ಚಿರಬಹುದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸವನ್ನು ಮುರಿಯಬೇಕೆಂದು ವೈದ್ಯರು ಹೇಳುತ್ತಾರೆಂಬುದೂ, ಪರೀಕ್ಷೆಗೆ ಬೆರಳು ಚುಚ್ಚುವುದರಿಂದ ಉಪವಾಸ ಮುರಿಯುವುದಿಲ್ಲವೆಂಬುದೂ ನಮ್ಮವರಿಗೆಲ್ಲ ತಿಳಿದಿರಬೇಕಾದ ಸಂಗತಿ.

ಮುಂದೆ ವೈದ್ಯರೊಬ್ಬರು ಬಿಡಿಸಿ ಹೇಳಿದರು. ಸಕ್ಕರೆ ಇಳಿದಾಗಿನ ಲಕ್ಷಣಗಳೂ ಗಾಬರಿಯ ಲಕ್ಷಣಗಳೂ ಅಕ್ಕತಂಗಿಯರಂತೆ. ಬೆವರು, ನಡುಕ, ಎದೆಬಡಿತ ಎರಡರಲ್ಲಿಯೂ ಒಂದೇ. ಇನ್ನೊಂದು ಕಡೆ, ಭಯಪಟ್ಟವನ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಹೊರಟು ಯಕೃತ್ತಿನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತವೆ. ನಿದ್ದೆ ಕೆಟ್ಟರೂ ಅದೇ ಗತಿ. ಹೀಗೆ ಚಿಂತೆಯಿಂದ ಸಕ್ಕರೆ ಏರುತ್ತದೆ, ಏರಿದ ಸಂಖ್ಯೆಯನ್ನು ಕಂಡು ಚಿಂತೆ ಏರುತ್ತದೆ. ದಿನವೂ ಅಳೆದು, ಲೆಕ್ಕ ಹಾಕಿ, ಪ್ರತಿ ತುತ್ತಿಗೂ ಅಂಜಿ ಬದುಕುವ ಈ ದಣಿವಿಗೆ ವೈದ್ಯರು ಡಯಾಬಿಟಿಸ್ ಡಿಸ್ಟ್ರೆಸ್ ಎಂಬ ಹೆಸರನ್ನೇ ಇಟ್ಟಿದ್ದಾರೆ. ಕೊರೋನಾ ಕಾಲದಲ್ಲಿ ಇದರ ಮೇಲೆ ಮತ್ತೊಂದು ಹೊರೆ ಬಿತ್ತು: ಮಧುಮೇಹವಿದ್ದವರಿಗೆ ಸೋಂಕು ತೀವ್ರವಾಗುತ್ತದೆಂಬ ಮಾತು. ಅದು ಸತ್ಯವೇ ಆಗಿತ್ತು. ಆದರೆ ದಿನಕ್ಕೆ ಹತ್ತು ಸಲ ಟಿ.ವಿ.ಯಲ್ಲಿ ಅದನ್ನು ಕೇಳುತ್ತಾ ಮನೆಯೊಳಗೆ ಒಬ್ಬನೇ ಕುಳಿತವನ ಪಾಡನ್ನು ಯಾರೂ ವಿಚಾರಿಸಲಿಲ್ಲ. ನಡೆದಾಡಿ ಎಂದು ವೈದ್ಯರು ಹೇಳುತ್ತಿದ್ದರು. ನಮ್ಮ ಬೆಟ್ಟದಲ್ಲಿ ನಸುಕಿಗೆ ರಸ್ತೆಯ ಮೇಲೆ ಆನೆಗಳಿರುತ್ತವೆ, ಯಾವ ತೋಟದಲ್ಲಿ ಹಿಂಡು ನಿಂತಿದೆಯೆಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬರುತ್ತದೆ. ಅದನ್ನು ಓದಿದವನು ವಾಯುವಿಹಾರಕ್ಕೆ ಹೊರಡುವುದಿಲ್ಲ!

ಈಗ ಬರೆಯಲೇಬೇಕಾದ ಸಂಗತಿಗೆ ಬರುತ್ತೇವೆ.

ನಮ್ಮ ಮಹಲ್ಲಿನಲ್ಲಿ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತೇವೆ. ಮೆಣಸಿನ ವ್ಯಾಪಾರ ಮಾಡಿದವರು, ಹದಿನೈದು ವರ್ಷಗಳ ಮಧುಮೇಹ, ಎರಡು ಹೊತ್ತು ಇನ್ಸುಲಿನ್. 2021ರಲ್ಲಿ ಎರಡನೆಯ ಅಲೆ ಬಂದಾಗ ಹಾಸನ ಜಿಲ್ಲೆಯು ರಾಜ್ಯದಲ್ಲಿ ಹೆಚ್ಚು ಸೋಂಕಿದ್ದ ಜಿಲ್ಲೆಗಳಲ್ಲೊಂದಾಗಿತ್ತು. ಬೇರೆ ಹಲವು ಕಡೆ ಜೂನ್ 14ಕ್ಕೆ ನಿರ್ಬಂಧ ಸಡಿಲವಾದರೂ ನಮ್ಮಲ್ಲಿ 21ರವರೆಗೆ ಮುಂದುವರಿಯಿತು. ಆ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರದ ಸುದ್ದಿಯೂ ಬಂತು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ, ಸ್ಟೀರಾಯ್ಡ್ ಪಡೆದವರಿಗೆ ಅಪಾಯ ಹೆಚ್ಚೆಂದು ಪತ್ರಿಕೆಗಳು ಬರೆದವು. ಕಣ್ಣು ತೆಗೆಯುತ್ತಾರಂತೆ ಎಂಬ ಮಾತು ಮನೆಮನೆಗೂ ಹರಡಿತು.

ಕಾಕ ಪ್ರತಿರಾತ್ರಿ ಇಶಾದ ನಂತರ ನಮಗೆ ಫೋನು ಮಾಡತೊಡಗಿದರು. ಕೇಳುತ್ತಿದ್ದುದು ಮಸ್‌ಅಲಗಳನ್ನು. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ವುಝೂ ಸರಿಯಾಗುತ್ತದೆಯೇ? ಕೈ ಎಷ್ಟು ಸಲ ತೊಳೆದರೆ ಶುದ್ಧಿ? ಕೊರೋನಾದಿಂದ ಸತ್ತವನಿಗೆ ಮಯ್ಯಿತ್ ಸ್ನಾನವಿಲ್ಲವೇ? ಚೀಲದಲ್ಲಿ ಕಟ್ಟಿ ಹೂಳಿದರೆ ಅವನ ಗತಿಯೇನು? ಒಂದೇ ಪ್ರಶ್ನೆ ನಾಲ್ಕು ರಾತ್ರಿ ಮರಳಿ ಬರುತ್ತಿತ್ತು. ನಾವು ಕಿತಾಬು ನೋಡಿ ಸರಿಯಾದ ಉತ್ತರವನ್ನೇ ಕೊಟ್ಟೆವು. ಪಿಡುಗಿನಲ್ಲಿ ಮರಣ ಹೊಂದಿದ ವಿಶ್ವಾಸಿಗೆ ಹುತಾತ್ಮನ ಪ್ರತಿಫಲವಿದೆಯೆಂದು ಹದೀಸಿನ ಆಧಾರದಲ್ಲಿ ಸಮಾಧಾನ ಹೇಳಿದೆವು. ಹತ್ತಿಪ್ಪತ್ತು ದಿನಗಳಾದ ಮೇಲೆ ನಮಗೂ ಬೇಸರ ಬಂತು. "ಕಾಕ, ಇದು ವಸ್‌ವಾಸ್. ಶೈತಾನನಿಗೆ ಕಿವಿಗೊಡಬೇಡಿ. ತವಕ್ಕುಲ್ ಇದ್ದವನಿಗೆ ಇಷ್ಟು ಹೆದರಿಕೆ ಇರಬಾರದು" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಉಸ್ತಾದರೇ, ನಿಮಗೆ ತೊಂದರೆ ಕೊಟ್ಟೆ" ಎಂದು ಫೋನಿಟ್ಟರು. ಮರುದಿನದಿಂದ ಫೋನು ಬರಲಿಲ್ಲ. ನಮ್ಮ ಮಾತು ಪರಿಣಾಮ ಬೀರಿತೆಂದು ಸಂತೋಷಪಟ್ಟೆವು.

ಜೂನಿನ ಮಳೆ ಹಿಡಿದ ಒಂದು ಬೆಳಿಗ್ಗೆ ಅವರ ಮಗ ಬಂದ. "ಉಪ್ಪ ಕೋಣೆಯಿಂದ ಹೊರಗೆ ಬರುತ್ತಿಲ್ಲ. ಕಾಲಲ್ಲಿ ಗಾಯವಾಗಿ ವಾಸನೆ ಬರ್ತಿದೆ. ಆಸ್ಪತ್ರೆ ಅಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ನೀವು ಹೇಳಿದರೆ ಕೇಳಬಹುದು" ಎಂದ. ಹೋದೆವು. ಕಾಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕರೆಂಟು ಹೋದಾಗ ಕೆಡದಿರಲೆಂದು ನಮ್ಮ ಕಡೆ ಇನ್ಸುಲಿನ್ನನ್ನು ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಡಬ್ಬಿಯಲ್ಲಿಡುತ್ತಾರೆ. ಮೂಲೆಯಲ್ಲಿದ್ದ ಆ ಡಬ್ಬಿಯನ್ನು ತೆರೆದರೆ ಸೀಲು ಒಡೆಯದ ಬಾಟಲಿಗಳಿದ್ದವು. ಎಷ್ಟು ದಿನಗಳಿಂದ ಚುಚ್ಚಿಕೊಂಡಿಲ್ಲವೆಂದು ಕೇಳಿದೆವು. ಉತ್ತರ ಬಹಳ ಹೊತ್ತಿನ ನಂತರ ಬಂತು. "ನೀವೇ ಹೇಳಿದಿರಲ್ಲ, ಪಿಡುಗಿನಲ್ಲಿ ಸತ್ತರೆ ಒಳ್ಳೆಯದೆಂದು. ಇನ್ನು ಚುಚ್ಚಿಕೊಂಡು ಏನು ಮಾಡುವುದು?"

ನಾವು ಸಮಾಧಾನವೆಂದು ಹೇಳಿದ್ದು ಅವರ ಕಿವಿಗೆ ಮರಣದ ಕರೆಯಾಗಿ ಕೇಳಿಸಿತ್ತು. ಪಿಡುಗಿದ್ದ ಶಾಮಿಗೆ ಹೋಗದೆ ಹಿಂದಿರುಗಿದ ಉಮರ್(ರ)ರವರ ಚರಿತ್ರೆಯನ್ನು ಖುತುಬಾಗಳಲ್ಲಿ ಎಷ್ಟೋ ಸಲ ಕೇಳಿಸಿದ್ದೆವು. ಕಾಕನಿಗೆ ಮಾತ್ರ ಅದನ್ನು ಹೇಳಲು ನೆನಪಾಗಲಿಲ್ಲ. ಮಸ್‌ಅಲ ಕೇಳಿದವನಿಗೆ ಮಸ್‌ಅಲ ಹೇಳಿ ಮುಗಿಸಿದೆವು. ಆ ಪ್ರಶ್ನೆಗಳ ಹಿಂದೆ ಒಬ್ಬ ಮುದುಕನು ಕತ್ತಲಲ್ಲಿ ಕುಳಿತಿದ್ದಾನೆಂಬುದನ್ನು ನೋಡಲಿಲ್ಲ.

ಅಂದು ಉಪದೇಶವೇನೂ ಬಾಯಿಗೆ ಬರಲಿಲ್ಲ. ಅವರ ಪಕ್ಕ ಕುಳಿತು, "ಕಾಕ, ನಮಗೂ ಸಕ್ಕರೆಯಿದೆ" ಎಂದೆವು. ಒಂದೂವರೆ ವರ್ಷದ ಗುಟ್ಟು. ಎಂಟು ದಿನ ಮಾತ್ರೆಯಿಲ್ಲದೆ ಪೇಟೆಗೆ ಅಂಜಿ ಕುಳಿತಿದ್ದುದನ್ನೂ, 58ಕ್ಕಿಳಿದು ಉಪವಾಸ ಮುರಿದುದನ್ನೂ, ರಾತ್ರಿ ನಿದ್ದೆ ಬಾರದುದನ್ನೂ ಒಂದೂ ಬಿಡದೆ ಹೇಳಿದೆವು. ಅವರು ಈ ಕಡೆ ತಿರುಗಿದರು. "ಉಸ್ತಾದರಿಗೂ ಹೆದರಿಕೆಯಾ?" ಎಂದು ಕೇಳಿದರು. "ಆಗ್ತದೆ ಕಾಕ." ಆಮೇಲೆ ಅವರು ಬಹಳ ಅತ್ತರು. ಸಂಜೆಯೊಳಗೆ ರೈಟರ ಜೀಪಿನಲ್ಲಿ ಹಾಸನಕ್ಕೆ ಹೊರಟೆವು. ಕೊರೋನಾ ಪರೀಕ್ಷೆಯಲ್ಲಿ ಸೋಂಕಿರಲಿಲ್ಲ. ಅವರು ಅಷ್ಟು ಅಂಜಿದ್ದ ರೋಗ ಬಂದೇ ಇರಲಿಲ್ಲ. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ನಾವು ಆ ರಾತ್ರಿ ಫೋನಿನಲ್ಲಿ ಬೇರೆ ಮಾತನಾಡಿದ್ದರೆ ಆ ಬೆರಳುಗಳು ಉಳಿಯುತ್ತಿದ್ದವೋ ಏನೋ, ಅಲ್ಲಾಹನೇ ಬಲ್ಲ.

ಆ ಬಳಿಕ ನಮ್ಮ ಓದಿನ ದಿಕ್ಕು ಸ್ವಲ್ಪ ಬದಲಾಯಿತು. ಯಅ್‌ಕೂಬ್(ಅ)ರು ಮಗನ ಅಗಲಿಕೆಯ ದುಃಖದಿಂದ ಕಣ್ಣುಗಳನ್ನೇ ಕಳೆದುಕೊಂಡರೆಂದು ಸೂರಃ ಯೂಸುಫ್‌ನಲ್ಲಿದೆ. ಅವರ ಈಮಾನ್ ದುರ್ಬಲವೆನ್ನುವ ಎದೆಗಾರಿಕೆ ಯಾರಿಗಿದೆ? ಖದೀಜ(ರ) ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷಕ್ಕೆ ಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಹೆಸರು. ಹತ್ತನೆಯ ಶತಮಾನದಲ್ಲಿ, 934ರಲ್ಲಿ, ನಿಧನರಾದ ಅಬೂ ಝೈದ್ ಅಲ್‌ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತು ಒಂದು ಗ್ರಂಥವನ್ನೇ ಬರೆದಿದ್ದಾರೆ. ದೇಹ ಮನಸ್ಸುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ವೈದ್ಯನು ಎರಡನ್ನೂ ನೋಡಬೇಕೆಂಬುದು ಅವರ ವಾದ. ಕಾರಣವಿರುವ ದುಃಖ ಬೇರೆ, ಕಾರಣ ಕಾಣದ ದುಃಖ ಬೇರೆ ಎಂದು ವಿಂಗಡಿಸಿದ್ದಾರೆ. ಭಯಕ್ಕೂ ವಸ್‌ವಾಸಿಗೂ ಪ್ರತ್ಯೇಕ ಅಧ್ಯಾಯಗಳಿವೆ. ನಾವು ಬೈದು ಮುಗಿಸಿದ ಸಂಗತಿಗೆ ಅವರು ಸಾವಿರ ವರ್ಷಗಳ ಹಿಂದೆಯೇ ಚಿಕಿತ್ಸೆ ಹುಡುಕಿದ್ದರು. ಆರೋಗ್ಯವಿದ್ದಾಗಲೇ ಮನೆಯಲ್ಲಿ ಮದ್ದು ತಂದಿಡುವಂತೆ ಒಳ್ಳೆಯ ಆಲೋಚನೆಗಳನ್ನೂ ಕೂಡಿಟ್ಟುಕೊಳ್ಳಬೇಕೆಂದು ಅವರು ಹೇಳುವುದುಂಟು.

ಈಗ ಮನಸ್ಸಿನ ತೊಂದರೆಗೆ 14416 ಎಂಬ ಟೆಲಿಮಾನಸ್ ಸಂಖ್ಯೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲಿಯೇ ಮಾತನಾಡಬಹುದು. ಮಸೀದಿಯ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಕೆಳಗೆ ಅದನ್ನು ಬರೆಸಿದ್ದೇವೆ. ಅದು ಹುಚ್ಚರ ನಂಬರಲ್ಲವೇ ಎಂದು ಒಬ್ಬರು ಕೇಳಿದರು. ನಾವೂ ಒಮ್ಮೆ ಕರೆ ಮಾಡಿದ್ದೇವೆಂದು ಹೇಳಿದೆವು. ಅವರು ಮತ್ತೇನೂ ಕೇಳಲಿಲ್ಲ.

ಕಾಕ ಈಗ ಕೋಲು ಹಿಡಿದು ಜುಮುಅಕ್ಕೆ ಬರುತ್ತಾರೆ. ನಮಾಝಿನ ನಂತರ ಹಜಾರದ ಕಟ್ಟೆಯ ಮೇಲೆ ಕುಳಿತು ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆಯುತ್ತಾರೆ. ಹಿಂದೆ ಮೆಣಸಿನ ಲೆಕ್ಕ ಬರೆಯುತ್ತಿದ್ದ ಪುಸ್ತಕವದು. ಈಗ ಅದರಲ್ಲಿ ಸಕ್ಕರೆಯ ಸಂಖ್ಯೆಗಳು, ಪಕ್ಕದಲ್ಲಿ ಆ ದಿನದ ಸುದ್ದಿ. 'ಹಿತ್ತಲಿಗೆ ಆನೆ ಬಂತು, 240.' 'ಮಗಳು ಫೋನು ಮಾಡಿದಳು, 148.' 'ಮಳೆ, ನಿದ್ದೆಯಿಲ್ಲ, 211.' ಕಳೆದ ಶುಕ್ರವಾರ ಕನ್ನಡಕ ಸರಿಮಾಡಿಕೊಂಡು, "ನಿಮ್ಮದೆಷ್ಟು ಉಸ್ತಾದರೇ?" ಎಂದರು. 162 ಎಂದೆವು. ಅದನ್ನೂ ಬರೆದುಕೊಂಡರು.